ಒಂದು ‘ಥ್ಯಾಂಕ್ ಯೂ’ ಸಾಲದು, ಹತ್ತಾದರೆ ಜಾಸ್ತಿ

ಪ್ರಶ್ನೆ: ಹೊಸ ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತು. ಆಫೀಸಿನಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲೇ. ಸಹೋದ್ಯೋಗಿಯೊಬ್ಬರು ಎರಡು ದಿನ ಸಂಜೆ ಉಳಿದು ನನ್ನ ರಿಪೋರ್ಟ್ ಸರಿಮಾಡಿಕೊಟ್ಟರು. ನನ್ನ ಬಾಯಿಗೆ ಬಂದದ್ದು ಬರೀ ‘ಥ್ಯಾಂಕ್ ಯೂ’. ಸಾಲಲಿಲ್ಲ ಅನ್ನಿಸಿ ಲಿಫ್ಟ್‌ನಲ್ಲಿ, ಊಟದ ಹೊತ್ತಲ್ಲಿ, ಮರುದಿನ ಬೆಳಿಗ್ಗೆ ಮತ್ತೆ ಹೇಳಿದೆ. ಅವರು ನಕ್ಕು ‘ಸಾಕು ಮಾರಾಯ್ರೇ’ ಅನ್ನುವಂತೆ ಕೈಮುಗಿದರು. ಆಮೇಲೆ ‘ಹಾರ್ಟ್‌ಫೆಲ್ಟ್ ಗ್ರ್ಯಾಟಿಟ್ಯೂಡ್’ ಅಂತೆಲ್ಲ ಸೇರಿಸಿ ಉದ್ದದ ಮೆಸೇಜ್ ಕಳಿಸಿದೆ. ‘ಯಾಕೆ, ಕೆಲಸ ಬಿಡುತ್ತಿದ್ದೀರಾ?’ ಎಂದು ಕೇಳಿದರು! ಈಗ ಇನ್ನೊಮ್ಮೆ ಸಹಾಯ ಕೇಳಲು ಮುಜುಗರ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ‘ಕೆಲಸ ಬಿಡುತ್ತಿದ್ದೀರಾ’ ಓದಿ ನಾನೂ ನಕ್ಕೆ, ಬೇಸರ ಮಾಡಿಕೊಳ್ಳಬೇಡಿ. ಆ ‘ಹಾರ್ಟ್‌ಫೆಲ್ಟ್ ಗ್ರ್ಯಾಟಿಟ್ಯೂಡ್’ ಬೀಳ್ಕೊಡುಗೆ ಭಾಷಣದ ಮಾತು. ಪಕ್ಕದ ಕುರ್ಚಿಯವರಿಗೆ ಹೇಳಿದರೆ ಗಾಬರಿಯಾಗುತ್ತಾರೆ, ಅಲ್ವಾ?

ನೀವು ಹೇಳಿದ್ದು ಕಡಿಮೆಯೂ ಅಲ್ಲ, ತಪ್ಪೂ ಅಲ್ಲ. ಯಾತಕ್ಕೆ ಅಂತ ಮಾತ್ರ ಹೇಳಲಿಲ್ಲ. ಬಾಗಿಲು ಹಿಡಿದವರಿಗೂ ‘ಥ್ಯಾಂಕ್ ಯೂ’, ಎರಡು ಸಂಜೆ ಕೊಟ್ಟವರಿಗೂ ‘ಥ್ಯಾಂಕ್ ಯೂ’. ಅದಕ್ಕೇ ನಿಮಗೆ ಸಾಲದು ಅನ್ನಿಸಿದ್ದು. ಸಾಲದ ಮಾತನ್ನು ಹತ್ತು ಸಲ ಹೇಳಿದರೂ ಅದು ಸಾಲದ ಮಾತೇ.

ಒಂದೇ ಸಲ, ಹೀಗೆ ಹೇಳಿ ನೋಡಿ: ‘ಥ್ಯಾಂಕ್ಸ್ ಫಾರ್ ಸ್ಟೇಯಿಂಗ್ ಲೇಟ್ ವಿತ್ ಮಿ. ಐ ಕುಡನ್ಟ್ ಹ್ಯಾವ್ ಫಿನಿಶ್ಡ್ ಇಟ್ ವಿದೌಟ್ ಯೂ.’ ಮೊದಲ ವಾಕ್ಯ ಅವರು ಮಾಡಿದ್ದನ್ನು ಹೇಳುತ್ತದೆ. ಎರಡನೆಯದು ಅದರಿಂದ ನಿಮಗೆ ಆದದ್ದನ್ನು. ಎಲ್ಲ ಸುಲಭದ ಪದಗಳೇ. ಆದರೂ ಮನಸ್ಸಿಗೆ ತಾಗುತ್ತದೆ, ಯಾಕೆಂದರೆ ಅವರು ಮಾಡಿದ್ದನ್ನು ನೀವು ಗಮನಿಸಿದ್ದೀರಿ ಅಂತ ಅವರಿಗೆ ಗೊತ್ತಾಗುತ್ತದೆ. ಇಂಗ್ಲಿಷಿನ ‘ಥ್ಯಾಂಕ್’ ಮತ್ತು ‘ಥಿಂಕ್’ ಒಂದೇ ಬೇರಿನಿಂದ ಬಂದ ಪದಗಳು. ಹಳೆಯ ಇಂಗ್ಲಿಷಿನಲ್ಲಿ ‘ಥ್ಯಾಂಕ್’ನ ಮೂಲ ಪದಕ್ಕೆ ‘ಯೋಚನೆ’ ಎಂಬ ಅರ್ಥವೂ ಇತ್ತು. ನನಗಂತೂ ಇದು ತುಂಬಾ ಇಷ್ಟ.

‘ಫಾರ್’ ಆದ ಮೇಲೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಇರಲಿ: ‘ಥ್ಯಾಂಕ್ಸ್ ಫಾರ್ ಹೆಲ್ಪಿಂಗ್ ಮಿ’. ‘ಥ್ಯಾಂಕ್ಸ್ ಟು ಹೆಲ್ಪ್ ಮಿ’ ತಪ್ಪು. ‘ಥ್ಯಾಂಕ್ಸ್ ಟು ಯೂ’ ಅನ್ನುವುದರ ಹತ್ತಿರ ಸ್ವಲ್ಪ ಹುಷಾರು. ಅದರ ಅರ್ಥ ‘ನಿಮ್ಮಿಂದಾಗಿ’. ‘ಥ್ಯಾಂಕ್ಸ್ ಟು ಯೂ, ವಿ ಫಿನಿಶ್ಡ್ ಆನ್ ಟೈಮ್’ ಅಂದರೆ ಹೊಗಳಿಕೆ. ‘ಥ್ಯಾಂಕ್ಸ್ ಟು ಯೂ, ವಿ ಆರ್ ಲೇಟ್’ ಅಂದರೆ ಬೈಗುಳವೇ. ‘ಐ ಅಪ್ರಿಶಿಯೇಟ್ ಇಟ್’ ಕೂಡ ಒಳ್ಳೆಯ ಮಾತು. ಕೊನೆಯ ‘ಇಟ್’ ನುಂಗಬೇಡಿ, ಅಷ್ಟೇ.

ಚಿಕ್ಕಪುಟ್ಟ ಸಹಾಯಕ್ಕೆ ಬರೀ ‘ಥ್ಯಾಂಕ್ಸ್’ ಸಾಕು. ಬ್ರಿಟನ್ನಿನವರು ‘ಚಿಯರ್ಸ್’ ಅಂತಲೂ ಅನ್ನುತ್ತಾರೆ, ಕೈಯಲ್ಲಿ ಗ್ಲಾಸ್ ಇರಲೇಬೇಕೆಂದಿಲ್ಲ. ಸಲಿಗೆ ಇದ್ದವರಿಗೆ ‘ಯೂ ಆರ್ ಅ ಲೈಫ್‌ಸೇವರ್’ ಅನ್ನಬಹುದು. ‘ಐ ಓ ಯೂ ಒನ್’ ಅಂದರೆ ‘ನಿಮ್ಮದೊಂದು ಬಾಕಿ ಇದೆ, ತೀರಿಸುತ್ತೇನೆ’ ಅಂತ. ನಗುತ್ತಾ ಹೇಳುವ ಮಾತು ಅದು.

ಅವರು ‘ನೋ ಪ್ರಾಬ್ಲಮ್’ ಅಂದರೆ ನಿಮ್ಮ ಮಾತನ್ನು ತಳ್ಳಿಹಾಕಿದರು ಅಂದುಕೊಳ್ಳಬೇಡಿ. ‘ಪರವಾಗಿಲ್ಲ ಬಿಡಿ’ ಅಂದ ಹಾಗೆ ಅದು. ಒಂದು ನಗು ನಕ್ಕು ನೀವೂ ಅಲ್ಲಿಗೇ ಬಿಡಿ. ನೀವು ಎಡವಿದ್ದು ಇಲ್ಲೇ ಇರಬೇಕು ಅಂತ ನನ್ನ ಅನುಮಾನ. ನಾಲ್ಕನೇ ಸಲ ಹೇಳಿದಾಗ ಅದು ಅವರ ಮೇಲೆ ಹೊರೆ. ಪ್ರತಿ ಸಲವೂ ‘ಅಯ್ಯೋ, ಪರವಾಗಿಲ್ಲ’ ಎಂದು ಅವರೇ ನಿಮ್ಮನ್ನು ಸಮಾಧಾನ ಮಾಡಬೇಕು ನೋಡಿ!

ಇನ್ನು ಮುಜುಗರದ ವಿಷಯ. ಮೆಸೇಜ್ ಬಗ್ಗೆ ಸುಮ್ನೆ ಮತ್ತೆ ಕ್ಷಮೆ ಕೇಳಲು ಹೋಗಬೇಡಿ, ಅದು ಐದನೇ ‘ಥ್ಯಾಂಕ್ ಯೂ’ ಆಗುತ್ತದೆ. ಆ ರಿಪೋರ್ಟ್ ಏನಾಯಿತು ಅಂತ ಅವರಿಗೆ ಹೇಳಿದ್ದೀರಾ? ಪತ್ರದಲ್ಲಿ ಅದಿಲ್ಲ. ಮೇಲಿನವರು ಮೆಚ್ಚಿದ್ದರೆ ಹೋಗಿ ಹೇಳಿ: ‘ದ ಪಾರ್ಟ್ ಯೂ ಫಿಕ್ಸ್ಡ್? ದೇ ಲವ್ಡ್ ಇಟ್.’ ಇದರಲ್ಲಿ ‘ಥ್ಯಾಂಕ್ಸ್’ ಅನ್ನುವ ಪದವೇ ಇಲ್ಲ. ಆದರೂ ಅವರ ಮುಖ ಅರಳುತ್ತದೆ.

ಮುಂದಿನ ಸಹಾಯ ಕೇಳುವಾಗ ‘ಥ್ಯಾಂಕ್ಸ್ ಇನ್ ಅಡ್ವಾನ್ಸ್’ ಬೇಡ. ಅವರು ಇನ್ನೂ ಒಪ್ಪಿಯೇ ಇಲ್ಲವಲ್ಲ! ‘ಕುಡ್ ಯೂ ಲುಕ್ ಅಟ್ ದಿಸ್ ವೆನ್ ಯೂ ಹ್ಯಾವ್ ಟೈಮ್?’ ಎಂದು ಕೇಳಿ. ನಾಳೆಯೇ ಕೇಳಿ.