ಐದು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ, ಆಮೇಲೆ ಕ್ಯಾನ್ಸರ್: ಕೇಸ್ ನಿಲ್ಲುತ್ತಾ?

ನಿಮ್ಮ ತಂದೆಯವರ ವಿಷಯ ಓದಿ ಬೇಜಾರಾಯ್ತು. ಐದು ತಿಂಗಳು ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು, ಕೊನೆಗೆ ಬೇರೆ ಆಸ್ಪತ್ರೆಯಲ್ಲಿ ಹೊಟ್ಟೆಯ ಕ್ಯಾನ್ಸರ್ ಗೊತ್ತಾಯ್ತು ಅಂದ್ರಲ್ಲ, ವೈದ್ಯರ ನಿರ್ಲಕ್ಷ್ಯ ಅಂತ ಕೇಸ್ ನಿಲ್ಲೋಕೆ ತಡವಾಯ್ತು ಅನ್ನೋದಷ್ಟೇ ಸಾಲದು. ಆ ಲಕ್ಷಣ ನೋಡಿದ ಸಾಧಾರಣ ವೈದ್ಯರು ಎಂಡೋಸ್ಕೋಪಿಗೆ (ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ಹೊಟ್ಟೆಯ ಒಳಗೆ ನೋಡುವ ಪರೀಕ್ಷೆ) ಬರೆಯುತ್ತಿದ್ದರು ಅಂತ ತೋರಿಸಬೇಕು. ಅದಕ್ಕಿಂತ ಕಷ್ಟದ್ದು, ಆ ಐದು ತಿಂಗಳಿಂದಲೇ ಹಾನಿ ಜಾಸ್ತಿಯಾಯ್ತು ಅನ್ನೋದು. ಬಹಳಷ್ಟು ಕೇಸ್ ಬೀಳೋದು ಇಲ್ಲೇ.

ಮೊದಲು ಗ್ಯಾಸ್ಟ್ರಿಕ್ ಅಂದ ವೈದ್ಯರ ಹತ್ತಿರ ಚಿಕಿತ್ಸೆಯ ದಾಖಲೆ ಕೇಳಿ, ಲಿಖಿತವಾಗಿ, ಸ್ವೀಕೃತಿ ಸಮೇತ. 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿ ನಿಯಮ ಇದೆ. ಹಳೆಯ ಒಪಿಡಿ ಚೀಟಿ ಎಸೆಯಬೇಡಿ. ‘ತೂಕ ಇಳಿದಿದೆ’ ಅಂತ ಮೂಲೆಯಲ್ಲಿ ಗೀಚಿದ್ದರೆ, ಹಿಮೋಗ್ಲೋಬಿನ್ ಇಳಿಯುತ್ತಾ ಬಂದ ರಿಪೋರ್ಟ್ ಇದ್ದರೆ, ಎಚ್ಚರಿಕೆಯ ಲಕ್ಷಣ ಆಗಲೇ ಕಾಣುತ್ತಿತ್ತು ಅನ್ನೋದಕ್ಕೆ ಅದೇ ನಿಮ್ಮ ಸಾಕ್ಷಿ.

ತಜ್ಞರ ಅಭಿಪ್ರಾಯ ಎಲ್ಲ ಕೇಸಿಗೂ ಕಡ್ಡಾಯವಲ್ಲ ಅಂತ 2010ರ ಕಿಶನ್ ರಾವ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ಮಲೇರಿಯಾಗೆ ಟೈಫಾಯಿಡ್ ಚಿಕಿತ್ಸೆ ಕೊಟ್ಟಿದ್ದರು. ನಿಮ್ಮದು ಅಷ್ಟು ನೇರ ಅಲ್ಲ, ಕ್ಯಾನ್ಸರ್ ತಜ್ಞರೊಬ್ಬರಿಂದ ಬರೆಸಿಕೊಳ್ಳಿ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ತಾನೇ? ಹಾಗಾದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಎರಡು ವರ್ಷದೊಳಗೆ.