ಕೂಲಿ ಗಗನಕ್ಕೇರಿದೆಯಂತೆ, ಯಾರ ಲೆಕ್ಕದಲ್ಲಿ?

ಪ್ರಶ್ನೆ: ನಾನು ಶಿರಸಿ ಕಡೆಯವನು. ಅಡಿಕೆ ಕೊಯ್ಲಿಗೆ ಆಳಿಲ್ಲ, ಕೊನೆಗಾರರು (ಮರ ಹತ್ತಿ ಅಡಿಕೆ ಗೊನೆ ಇಳಿಸುವವರು) ಕೇಳಿದ್ದೇ ಕೂಲಿ ಅಂತ ನಮ್ಮೂರ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಗೃಹಲಕ್ಷ್ಮಿ ದುಡ್ಡು ಬಂದ ಮೇಲೆ ಜನ ಸೋಮಾರಿಗಳಾದರು ಅಂತಲೂ ಬರೆಯುತ್ತಾರೆ. ನಿಜವೇ?

ಉತ್ತರ: ಪ್ರತಿ ಕೊಯ್ಲಿಗೂ ಇದೇ ಪ್ರಶ್ನೆ. ಈ ಸಲ ಉದ್ದವಾಗಿಯೇ ಹೇಳಿಬಿಡುತ್ತೇನೆ.

ಮೊದಲು ಆ ಸುದ್ದಿಯನ್ನೇ ತೆಗೆದು ನೋಡಿ. ಮಾತಾಡಿದವರು ಯಾರು? ತೋಟದ ಯಜಮಾನರು, ಸೊಸೈಟಿ ನಿರ್ದೇಶಕರು, ಇನ್ನೊಬ್ಬ ತೋಟದ ಯಜಮಾನರು. ಮರ ಹತ್ತಿದವನ ಮಾತು ಒಂದೂ ಇಲ್ಲ. ಫೋಟೊದಲ್ಲಿ ಮಾತ್ರ ಇರುತ್ತಾನೆ, ಅದೂ ಬೆನ್ನು ಕಾಣುವ ಹಾಗೆ. ವರದಿಗಾರ ಕೆಟ್ಟವನು ಅಂತಲ್ಲ. ತಾಲ್ಲೂಕು ವರದಿಗಾರರಲ್ಲಿ ಬಹಳ ಮಂದಿಗೆ ಸಂಬಳ ಹೆಸರಿಗಷ್ಟೆ, ಜಾಹೀರಾತು ತಂದರೆ ಕಮಿಷನ್. ದೀಪಾವಳಿ ಶುಭಾಶಯದ ಜಾಹೀರಾತನ್ನು ಕೊನೆಗಾರ ಕೊಡುತ್ತಾನಾ?

ಇನ್ನು ಲೆಕ್ಕ. ಕೊಯ್ಲಿನ ದಿನ ಕೊಟ್ಟ ಸಾವಿರ ರೂಪಾಯಿ ತಲೆಬರಹವಾಗುತ್ತದೆ. ಕೊಯ್ಲು ವರ್ಷವಿಡೀ ಇರುತ್ತದಾ? 120 ದಿನ ಸಾವಿರದಂತೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ತಿಂಗಳಿಗೆ ಬಿದ್ದದ್ದು 10,000. ಮರದಿಂದ ಜಾರಿದರೆ ಆಸ್ಪತ್ರೆ ಖರ್ಚೂ ಅದರಲ್ಲೇ. ಬೆಲೆ ಏರಿಕೆಯನ್ನಂತೂ ಯಾರೂ ಕಳೆಯುವುದೇ ಇಲ್ಲ. ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕ ಅಂತ, ಅವರು ಕೊಳ್ಳುವ ವಸ್ತುಗಳ ಬೆಲೆ ಎಷ್ಟು ಏರಿತು ಎಂದು ತೋರಿಸುವ ಅಂಕಿ, ಕೇಂದ್ರ ಸರ್ಕಾರವೇ ಲೆಕ್ಕ ಇಡುತ್ತದೆ. ದೇಶದ ಮಟ್ಟದಲ್ಲಿ 2020ರ ಆರಂಭಕ್ಕೆ ಅದು ಸಾವಿರದ ಆಸುಪಾಸು, 2024ರ ಕೊನೆಗೆ 1,300 ದಾಟಿತ್ತು. ಅಂದರೆ 2020ರಲ್ಲಿ 500 ಇದ್ದ ಕೂಲಿ 2024ಕ್ಕೆ 650 ಆಗಿದ್ದರೆ ನಿಜವಾಗಿ ಏರಿದ್ದು ಸೊನ್ನೆ. ಕರ್ನಾಟಕದ ನರೇಗಾ (ಉದ್ಯೋಗ ಖಾತ್ರಿ) ದಿನಗೂಲಿ 2020-21ರಲ್ಲಿ 275, 2024-25ರಲ್ಲಿ 349. ಅದೂ ಅಷ್ಟಕ್ಕಷ್ಟೆ.

ಗೃಹಲಕ್ಷ್ಮಿ ತಿಂಗಳಿಗೆ 2,000, ದಿನಕ್ಕೆ 67 ರೂಪಾಯಿಯೂ ಆಗುವುದಿಲ್ಲ. ಇಷ್ಟಕ್ಕಾಗಿ ಸಾವಿರ ಬಿಟ್ಟು ಮನೆಯಲ್ಲಿ ಯಾರು ಕೂರುತ್ತಾರೆ? ಅದೂ ದುಡ್ಡು ಬರುವುದು ಮನೆಯೊಡತಿಗೆ, ಕೊಯ್ಲಿಗೆ ಮರ ಹತ್ತುವವರು ಗಂಡಸರು. ವಾಟ್ಸಾಪ್ ಅರ್ಥಶಾಸ್ತ್ರಿಗಳಿಗೆ ಇಷ್ಟೂ ತೋಚುವುದಿಲ್ಲ. ಆಳಿನ ಕೊರತೆ ಸುಳ್ಳಲ್ಲ, ಬಿಡಿ. ಕೊನೆಗಾರರ ಮಕ್ಕಳು ಮರ ಹತ್ತಲು ಕಲಿಯುತ್ತಿಲ್ಲ. ಕಲಿಯಲಿ ಅಂತ ಅಪ್ಪಂದಿರಿಗೂ ಇಲ್ಲ. ನೆಲದಲ್ಲೇ ನಿಂತು ಕೊಯ್ಯುವ ಉದ್ದ ಕೋಲು, ಅಂದರೆ ಕಾರ್ಬನ್ ಫೈಬರ್ ದೋಟಿ, ತೋಟಗಳಿಗೆ ಇಷ್ಟು ಬೇಗ ಬಂದದ್ದು ಸುಮ್ನೆ ಅಲ್ಲ.

ಪ್ರಶ್ನೆ: ತರಕಾರಿ ದುಬಾರಿಯಾಗಿದ್ದು ಕೂಲಿ ಜಾಸ್ತಿಯಾಗಿದ್ದಕ್ಕೇ ಅಲ್ವಾ?

ಉತ್ತರ: 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ದಾಟಿತು, ಸೆಪ್ಟೆಂಬರ್ ಹೊತ್ತಿಗೆ ಬಿದ್ದೂ ಹೋಯಿತು. ಕೂಲಿ ಹಾಗೆ ಬಿದ್ದದ್ದನ್ನು ನೀವು ಕಂಡಿದ್ದೀರಾ?

ಪ್ರಶ್ನೆ: ಹೊರರಾಜ್ಯದವರು ಬಂದು ನಮ್ಮ ಕೂಲಿ ಇಳಿಸಿದರಂತೆ?

ಉತ್ತರ: ಕೂಲಿ ಏರಿತು ಅಂತ ಬರೆದ ಪತ್ರಿಕೆಯೇ ಇದನ್ನೂ ಬರೆದಿದೆ. ಎರಡರಲ್ಲಿ ಯಾವುದು ನಿಜ ಅಂತ ಅವರೇ ತೀರ್ಮಾನಿಸಲಿ.

ಪ್ರಶ್ನೆ: ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ಹೋಟೆಲ್. ಸಪ್ಲೈಯರ್‌ಗೆ ಎಷ್ಟು ಕೊಟ್ಟರೆ ಸರಿ?

ಉತ್ತರ: ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಕಾರ್ಮಿಕ ಇಲಾಖೆಯ ಪಟ್ಟಿ ನೋಡಿ, ಅದಕ್ಕಿಂತ ಒಂದು ರೂಪಾಯಿ ಕಡಿಮೆ ಬೇಡ. ಪಕ್ಕದ ಹೋಟೆಲಿನವರನ್ನು ಮಾತ್ರ ಕೇಳಬೇಡಿ.