ಗಾತ್ರ ಬೇರೆ ಬೇರೆಯಿರುವ ಡಿಸ್ಕ್‌ಗಳ ರೇಡ್ 0: ಹೊಸ ಉಬುಂಟುವಿಗೆ ಹೋಗುವ ಮುನ್ನ

ಪ್ರಶ್ನೆ: ನಮ್ಮ ಮುದ್ರಣಾಲಯದ ಸರ್ವರ್‌ಗೆ 2016ರಲ್ಲಿ ಉಬುಂಟು 16.04 ಹಾಕಿ, ಒಂದು 500 ಜಿಬಿ ಮತ್ತು ಎರಡು 1 ಟಿಬಿ ಡಿಸ್ಕ್‌ಗಳನ್ನು ರೇಡ್ 0 (ಹಲವು ಡಿಸ್ಕ್‌ಗಳನ್ನು ಒಂದೇ ದೊಡ್ಡ ಡಿಸ್ಕ್‌ನಂತೆ ಬಳಸುವ ಕ್ರಮ) ಆಗಿ ಜೋಡಿಸಿದ್ದೆವು. ಅಂದಿನ 4.4 ಕರ್ನೆಲ್ಲೇ (ಲಿನಕ್ಸ್‌ನ ತಿರುಳು) ಈಗಲೂ ಇದೆ. 22.04ರ ಯುಎಸ್‌ಬಿಯಿಂದ ಬೂಟ್ ಮಾಡಿ ನೋಡಿದರೆ ಅರೇ (ಹೀಗೆ ಜೋಡಿಸಿದ ಡಿಸ್ಕ್‌ಗಳ ಗುಂಪು) ಏಳುತ್ತಿಲ್ಲ. ‘ಡಿಫಾಲ್ಟ್ ಲೇಔಟ್’ ಅನ್ನು 1 ಅಥವಾ 2 ಎಂದು ಸೂಚಿಸಿ ಎಂಬ ಸಂದೇಶ ಬರುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಎಲ್ಲ ಕಡತಗಳೂ ತೆರೆಯುತ್ತವೆ. ಡಿಸ್ಕ್ ಕೆಟ್ಟಿದೆಯೇ? 1 ಎಂದು ಕೊಟ್ಟು ಮುಂದುವರಿಯಬಹುದೇ?

ಉತ್ತರ: ದಯವಿಟ್ಟು 1 ಎಂದು ಕೊಡಬೇಡಿ. ಈ ಸಂದೇಶಕ್ಕೆ ಕಾರಣ ಡಿಸ್ಕ್ ಕೆಟ್ಟಿರುವುದಲ್ಲ, ನಿಮ್ಮ ಡಿಸ್ಕ್‌ಗಳ ಗಾತ್ರದಲ್ಲಿರುವ ವ್ಯತ್ಯಾಸ.

ರೇಡ್ 0 ಬಳಸುವ ಸ್ಟ್ರೈಪಿಂಗ್ ಎಂಬ ಕ್ರಮದಲ್ಲಿ ದತ್ತಾಂಶವನ್ನು ತುಂಡು ಮಾಡಿ ಡಿಸ್ಕ್‌ಗಳಿಗೆ ಸರದಿಯಂತೆ ಹಂಚಲಾಗುತ್ತದೆ. ನಿಮ್ಮಲ್ಲಿ ಮೂರೂ ಡಿಸ್ಕ್‌ಗಳ ಮೊದಲ 500 ಜಿಬಿ ಸೇರಿ 1.5 ಟಿಬಿಯ ಒಂದು ವಲಯವಾಗಿದೆ. ಅಲ್ಲಿಗೆ ಚಿಕ್ಕ ಡಿಸ್ಕ್ ಮುಗಿಯುವುದರಿಂದ, ದೊಡ್ಡ ಡಿಸ್ಕ್‌ಗಳೆರಡರಲ್ಲಿ ಉಳಿದ ಜಾಗ 1 ಟಿಬಿಯ ಎರಡನೆಯ ವಲಯವಾಗಿದೆ. ಈ ಎರಡನೆಯ ವಲಯದಲ್ಲಿ ಯಾವ ತುಂಡು ಯಾವ ಡಿಸ್ಕ್‌ಗೆ ಹೋಗಬೇಕೆಂಬ ಲೆಕ್ಕವನ್ನು ಲಿನಕ್ಸ್ 3.13ರವರೆಗಿನ ಕರ್ನೆಲ್‌ಗಳು ಇಡೀ ಅರೇಯ ಆರಂಭದಿಂದ ಎಣಿಸುತ್ತಿದ್ದವು. 3.14ರಲ್ಲಿ ಯಾರ ಗಮನಕ್ಕೂ ಬಾರದೆ ಆ ಎಣಿಕೆ ವಲಯದ ಆರಂಭದಿಂದ ಎಂದಾಯಿತು. ಇದು ಬೆಳಕಿಗೆ ಬಂದ ಮೇಲೆ 2019ರ 5.4 ಕರ್ನೆಲ್, ತಾನಾಗಿ ಊಹಿಸುವುದನ್ನು ಬಿಟ್ಟು ನಿಮ್ಮನ್ನೇ ಕೇಳತೊಡಗಿತು. 1 ಎಂದರೆ ಹಳೆಯ ಎಣಿಕೆ, 2 ಎಂದರೆ 3.14ರ ನಂತರದ್ದು. ನಿಮ್ಮ ಅರೇ ಹುಟ್ಟಿದ್ದೂ ಬಳಕೆಯಾದದ್ದೂ 4.4ರಲ್ಲಿ ಮಾತ್ರವಾದ್ದರಿಂದ ನಿಮಗೆ ಬೇಕಾದದ್ದು 2. ಮೂರೂ ಡಿಸ್ಕ್‌ಗಳು ಒಂದೇ ಗಾತ್ರದವಾಗಿದ್ದರೆ, ಅಥವಾ ಎರಡನೆಯ ವಲಯದಲ್ಲಿ ಒಂದೇ ಡಿಸ್ಕ್ ಉಳಿದಿದ್ದರೆ, ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ತಪ್ಪು ಸಂಖ್ಯೆ ಕೊಟ್ಟರೂ ಅರೇ ಎದ್ದು ನಿಲ್ಲುತ್ತದೆ, ಮೌಂಟ್ ಕೂಡ ಆಗಬಹುದು (ಅಂದರೆ ಅದರ ಕಡತಗಳು ಬಳಕೆಗೆ ತೆರೆದುಕೊಳ್ಳಬಹುದು). ನನಗೆ ಹೆಚ್ಚು ಆತಂಕವಿರುವುದು ಇದರ ಬಗ್ಗೆಯೇ. ಕಡತವ್ಯವಸ್ಥೆಯ ಮೊದಲ ಭಾಗ ಒಂದನೆಯ ವಲಯದಲ್ಲಿ ಇರುವುದರಿಂದ ಹೊರನೋಟಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಎರಡನೆಯ ವಲಯದ ಕಡತವೊಂದನ್ನು ತೆರೆದಾಗ ಮಾತ್ರ ಒಳಗೆ ಬೇರೆ ಕಡತದ ತುಂಡು ಸಿಗುತ್ತದೆ. ಆ ಸ್ಥಿತಿಯಲ್ಲಿ ಕಡತವ್ಯವಸ್ಥೆಯನ್ನು ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಿದರೆ ಅದು ‘ದುರಸ್ತಿ’ ಮಾಡುತ್ತಾ ಸರಿಯಿದ್ದುದನ್ನೂ ಅಳಿಸಿಹಾಕುತ್ತದೆ.

ಆದ್ದರಿಂದ ಮೊದಲ ಕೆಲಸವನ್ನು ಹಳೆಯ ಉಬುಂಟುವಿನಲ್ಲೇ ಮಾಡಿ. ಡಿಸ್ಕ್‌ನ ಆರೋಗ್ಯ ತಿಳಿಸುವ ಸ್ಮಾರ್ಟ್‌ಸಿಟಿಎಲ್‌ನಿಂದ ಮೂರೂ ಡಿಸ್ಕ್‌ಗಳ ವರದಿ ತೆಗೆದು, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ಸೊನ್ನೆಯೇ ಎಂದು ನೋಡಿಕೊಳ್ಳಿ. ಸೊನ್ನೆಯಲ್ಲದಿದ್ದರೆ ಬೇರೆಲ್ಲವನ್ನೂ ಬದಿಗಿಟ್ಟು ಬ್ಯಾಕಪ್ ಮುಗಿಸಿ, ಏಕೆಂದರೆ ರೇಡ್ 0ಯಲ್ಲಿ ಒಂದು ಡಿಸ್ಕ್ ಹೋದರೂ ಮೂರರ ದತ್ತಾಂಶವೂ ಹೋದಂತೆಯೇ. ಸೊನ್ನೆಯಿದ್ದರೂ ಬೇರೊಂದು ಡಿಸ್ಕ್‌ಗೆ ಪೂರ್ತಿ ನಕಲು ತೆಗೆಯದೆ ಮುಂದೆ ಹೋಗಬೇಡಿ. ಜೊತೆಗೆ ಎಲ್ಲ ಕಡತಗಳ ಚೆಕ್‌ಸಮ್ (ಕಡತ ಬದಲಾಗಿದೆಯೇ ಎಂದು ತಿಳಿಸುವ ಗುರುತು ಸಂಖ್ಯೆ) ಪಟ್ಟಿಯೊಂದನ್ನು ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಆಮೇಲೆ ಯುಎಸ್‌ಬಿಯಿಂದ ಬೂಟ್ ಮಾಡುವಾಗ ಗ್ರಬ್‌ನ (ಬೂಟ್ ಆರಂಭಿಸುವ ತಂತ್ರಾಂಶದ) ಕರ್ನೆಲ್ ಸಾಲಿಗೆ ರೇಡ್ 0 ಮಾಡ್ಯೂಲ್‌ನ ಡಿಫಾಲ್ಟ್ ಲೇಔಟ್ 2 ಎಂದು ಸೇರಿಸಿ, ಅರೇಯನ್ನು ಓದಲು ಮಾತ್ರ ಎಂಬ ಸ್ಥಿತಿಯಲ್ಲಿ ಜೋಡಿಸಿ. ನಿಮ್ಮ ಕಡತವ್ಯವಸ್ಥೆ ಎಕ್ಸ್ಟ್4 ಆಗಿದ್ದರೆ ಮೌಂಟ್ ಮಾಡುವಾಗ ‘ನೋಲೋಡ್’ ಆಯ್ಕೆಯನ್ನೂ ಕೊಡಿ. ಇಲ್ಲದಿದ್ದರೆ ಓದಲು ಮಾತ್ರ ಎಂದಿದ್ದರೂ ಅದು ಬಾಕಿಯಿರುವ ಜರ್ನಲ್ (ಬದಲಾವಣೆಗಳ ದಾಖಲೆ) ಅನ್ನು ಡಿಸ್ಕ್‌ಗೆ ಬರೆಯಲು ಹೊರಡುತ್ತದೆ. ಈಗ ಚೆಕ್‌ಸಮ್ ಪಟ್ಟಿಯೊಂದಿಗೆ ಹೋಲಿಸಿ. ಒಂದೆರಡು ಕಡತ ತೆರೆದು ನೋಡಿ ಸಮಾಧಾನ ಪಟ್ಟುಕೊಳ್ಳದೆ, ಒಂದು ರಾತ್ರಿ ಹಿಡಿದರೂ ಪೂರ್ತಿ ಪಟ್ಟಿಯನ್ನು ಓಡಿಸಿ.

16.04ರಿಂದ 22.04ಕ್ಕೆ ನೇರ ಮೇಲ್ದರ್ಜೆ ಇಲ್ಲ, ನಡುವೆ 18.04 ಮತ್ತು 20.04 ಬರುತ್ತವೆ. ಪ್ರತಿ ಹಂತದಲ್ಲೂ ಅರೇ ಏಳದಿರುವ ಅಪಾಯವನ್ನು ಎದುರಿಸುವುದಕ್ಕಿಂತ, ಬೇರೆ ಡಿಸ್ಕ್‌ನಲ್ಲಿ 22.04 ಅನ್ನು ಹೊಸದಾಗಿ ಹಾಕಿ, ಅರೇಯನ್ನೂ ಹೊಸದಾಗಿ ರಚಿಸಿ, ಬ್ಯಾಕಪ್‌ನಿಂದ ತುಂಬಿಕೊಳ್ಳುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೊಸ ಕರ್ನೆಲ್‌ನಲ್ಲಿ ರಚಿಸಿದ ಅರೇ ತನ್ನ ಎಣಿಕೆಯ ಕ್ರಮವನ್ನು ಸೂಪರ್‌ಬ್ಲಾಕ್‌ನಲ್ಲೇ (ಅರೇಯ ವಿವರಗಳಿರುವ ಡಿಸ್ಕ್‌ನ ಭಾಗ) ಬರೆದಿಟ್ಟುಕೊಳ್ಳುತ್ತದೆ.

ಇರುವ ಅರೇಯನ್ನೇ ಉಳಿಸಿಕೊಳ್ಳುವುದಾದರೆ, ಅರೇ ಜೋಡಿಸುವ ತಂತ್ರಾಂಶವಾದ ಎಂಡಿಎಡಿಎಂ 4.2ರಲ್ಲಿ ಜೋಡಿಸುವಾಗ ಒಮ್ಮೆ ‘ಲೇಔಟ್ ಆಲ್ಟರ್ನೇಟ್’ ಎಂಬ ಅಪ್‌ಡೇಟ್ ಆಯ್ಕೆ ಕೊಟ್ಟರೆ ಆ ಗುರುತು ಅದಕ್ಕೂ ಬೀಳುತ್ತದೆ. ಗುರುತು ಬಿದ್ದ ಅರೇಯನ್ನು ನಿಮ್ಮ ಹಳೆಯ 4.4 ಕರ್ನೆಲ್ ಜೋಡಿಸುವುದಿಲ್ಲ. ಹಾಗಾಗಿ ಚೆಕ್‌ಸಮ್‌ಗಳೆಲ್ಲ ತಾಳೆಯಾಗುವವರೆಗೂ ಈ ಆಯ್ಕೆಯನ್ನು ಮುಟ್ಟಬೇಡಿ.